ನೀರು ಇಳಿದಾಗ ಮೀನು ಎಲ್ಲಿ?

ಜಲಾಶಯವೆಂದರೆ ನೀರು ಮಲಗಿರುವ ಎಡೆ ಎಂದು ತರಗತಿಯಲ್ಲಿ ಹುಡುಗರಿಗೆ ಅರ್ಥ ಹೇಳುತ್ತೇನೆ. ಆದರೆ ಅಣೆಕಟ್ಟಿನ ಹಿಂದಿನ ನೀರು ಮಲಗುವುದೇ ಇಲ್ಲ. ಅಮೆರಿಕದ ಟೆನೆಸೀ ಸೀಮೆಯಲ್ಲಿ, ಕ್ಲಿಂಚ್ ನದಿಗೆ 1936ರಲ್ಲಿ ಕಟ್ಟಿ ಮುಗಿಸಿದ ನಾರಿಸ್ ಜಲಾಶಯವನ್ನು ನೋಡಿ. ಪ್ರವಾಹಕ್ಕೆ ಎಡೆಯಿರಲೆಂದು ಚಳಿಗಾಲದಲ್ಲಿ ಅದನ್ನು ತಗ್ಗಿಸಿಡುತ್ತಾರೆ, ವಸಂತದಲ್ಲಿ ತುಂಬಿಸುತ್ತಾರೆ, ಬೇಸಗೆ ಕಳೆಯುತ್ತಿದ್ದಂತೆ ಮತ್ತೆ ನೀರು ಬಿಡುತ್ತಾರೆ. ಜೂನಿನಿಂದ ಆಗಸ್ಟಿನವರೆಗೆ ಅವರಿಗೆ ಬೇಸಗೆ. ಅಲ್ಲಿ ಗಾಳ ಹಾಕುವವರಿಗೆ ಅಚ್ಚುಮೆಚ್ಚು ಬಾಸ್ ಎಂಬ ಮೀನು. ಹೋದ ವಾರ ಸಿಕ್ಕಿದ ಎಡೆಯಲ್ಲಿ ಈ ವಾರ ಒಂದೂ ಇಲ್ಲವೆಂದರೆ, ಮೀನೇ ತೀರಿತೆಂದು ಕೈಚೆಲ್ಲುವವರುಂಟು. ತೀರಿಲ್ಲ, ಬಿಡಾರ ಬದಲಾಯಿಸಿದೆ.

ಬೇಸಗೆಯಲ್ಲಿ ಆಳವಾದ ನೀರು ಪದರಪದರವಾಗುತ್ತದೆ. ಕಾದದ್ದು ಹಗುರ, ಮೇಲೆ ನಿಲ್ಲುತ್ತದೆ. ತಣ್ಣನೆಯದು ಭಾರ, ತಳ ಹಿಡಿಯುತ್ತದೆ. ಬಚ್ಚಲ ಹಂಡೆಯನ್ನು ಕದಡದೆ ಕೈಯಿಟ್ಟವರಿಗೆ ಇದು ಗೊತ್ತು. ಗಾಳಿಯ ಸೋಂಕಿಲ್ಲದ ತಳದಲ್ಲಿ ಕೊಳೆಯುವ ಎಲೆಕಸವು ಆಮ್ಲಜನಕವನ್ನು ಕಬಳಿಸುತ್ತದೆ. ಆದುದರಿಂದ, ಬಿಸಿಲೇರಿತು, ಮೀನು ತಳಕ್ಕಿಳಿಯಿತು ಎಂಬ ಮಾತು ಅರ್ಧ ಮಾತ್ರ ನಿಜ. ಮೇಲೆ ಸೆಕೆ, ಕೆಳಗೆ ಉಸಿರುಗಟ್ಟು. ಬಾಸ್ ನಡುವೆ ನಿಲ್ಲುತ್ತದೆ.

ನೀರು ಇಳಿಯತೊಡಗಿದರೆ ದಂಡೆಯ ಪೊದೆಗಳು ಒಣನೆಲಕ್ಕೆ ಬೀಳುತ್ತವೆ. ಮರೆಗಾಗಿ ಅಲ್ಲಿದ್ದ ಕಿರುಮೀನುಗಳು ಹೊರಬೀಳುತ್ತವೆ. ಅವುಗಳ ಬೆನ್ನು ಹಿಡಿದು ಬಾಸ್ ಕೂಡ ಆಳದ ಕಡೆಗೆ ಸರಿಯುತ್ತದೆ. ಆದರೆ ಸುಮ್ಮನೆ ನಡುನೀರಿಗಲ್ಲ. ನೆಲ ತಟ್ಟನೆ ಇಳಿಜಾರಾಗುವ ಅಂಚು, ನೀರೊಳಕ್ಕೆ ಚಾಚಿದ ದಿಣ್ಣೆಯ ತುದಿ, ಮುಳುಗಿದ ಹಳ್ಳದ ದಡ, ಮರದ ಬೊಡ್ಡೆ, ಹಳೆಯ ದಾರಿಯ ಏರಿ, ಇವು ಅದರ ತಂಗುದಾಣಗಳು. ಹೀಗಾಗಿ ಬಲ್ಲವರು ಕಟ್ಟೆಗೆ ಮುಂಚಿನ ಭೂಪಟವನ್ನು ಹುಡುಕುತ್ತಾರೆ. ನಾರಿಸ್ಸಿಗಾಗಿ ಸುಮಾರು 2,900 ಸಂಸಾರಗಳು ಮನೆಮಠ ಬಿಟ್ಟವು. ಅವರು ನಡೆದ ದಾರಿಗಳಲ್ಲಿ ಈಗ ಮೀನಿನ ಓಡಾಟ! ನೀರು ತಗ್ಗಿದಾಗ ಹಳೆಯ ಕನ್ನಂಬಾಡಿಯ ವೇಣುಗೋಪಾಲನ ಗುಡಿ ತಲೆಯೆತ್ತುತ್ತಿದ್ದುದನ್ನು ಕೇಳಿಬಲ್ಲ ನಮಗೆ ಇದು ತೀರ ಹೊರಗಿನ ಸಂಗತಿಯಲ್ಲ.

ಮಳೆ ಸುರಿದು ನೀರು ಏರಿದರೆ ಎಲ್ಲವೂ ತಿರುವುಮುರುವು. ಹೊಸದಾಗಿ ಮುಳುಗಿದ ಹುಲ್ಲಿನಲ್ಲಿ ಹುಳುಹುಪ್ಪಟೆ ಹೇರಳ. ಕಿರುಮೀನು ಅತ್ತ ನುಗ್ಗುತ್ತದೆ, ಬಾಸ್ ಹಿಂಬಾಲಿಸುತ್ತದೆ. ಆಗ ಮೊಳಕಾಲುದ್ದದ ನೀರಿನಲ್ಲಿಯೂ ಅದು ಸಿಕ್ಕೀತು, ಅದರಲ್ಲಿಯೂ ಮುಂಜಾವು ಮುಸ್ಸಂಜೆಗಳಲ್ಲಿ.

ತಾವು ಎಂದಾದರೂ ಅಂಥ ದಂಡೆಯಲ್ಲಿ ನಿಂತರೆ, ಗಾಳ ಬಿಚ್ಚುವ ಮುನ್ನ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ. ಗಂಟೆ ಕಳೆದು ನೋಡಿ: ಕಡ್ಡಿ ನೀರೊಳಗಾದರೆ ಪೊದೆಯ ಕಡೆಗೆ ಎಸೆಯಿರಿ, ಒಣನೆಲದಲ್ಲಿ ಉಳಿದರೆ ಹಳೆಯ ಹಳ್ಳದ ಕಡೆಗೆ.