ಮೌನವನ್ನರಸಿ ನೆಲದಾಳಕ್ಕೆ

ಚುಂಚನಕಟ್ಟೆಯಲ್ಲಿ ಕಾವೇರಿ ಭೋರ್ಗರೆದು ಧುಮುಕುತ್ತಾಳೆ. ದಡದಲ್ಲಿರುವ ಕೋದಂಡರಾಮನ ಗುಡಿಯ ಗರ್ಭಗೃಹದಲ್ಲಿ ಮಾತ್ರ ಆ ಸದ್ದು ಕೇಳಿಸದೆಂದು ಜನರ ನಂಬಿಕೆ. ಅಲ್ಲಿಗೆ ಹೋದಾಗಲೆಲ್ಲ, ಅಂಥದೇ ಮೌನವನ್ನರಸಿ ನೆಲದಾಳಕ್ಕಿಳಿದ ನಮ್ಮ ಸೀಮೆಯ ವಿಜ್ಞಾನಿಯೊಬ್ಬರು ನನಗೆ ನೆನಪಾಗುತ್ತಾರೆ. ಅವರೇ 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್.

ಆಕಾಶದಿಂದ ವಿಶ್ವಕಿರಣಗಳ ಮಳೆ ಹಗಲಿರುಳೂ ನಮ್ಮ ಮೇಲೆ ಸುರಿಯುತ್ತಿದೆ. ಆ ಗದ್ದಲದಲ್ಲಿ ವಿರಳವಾದ ಕಣಗಳ ಸುಳಿವು ಮುಚ್ಚಿಹೋಗುತ್ತದೆ. ತಲೆಯ ಮೇಲಿನ ಬಂಡೆ ದಪ್ಪವಾದಷ್ಟೂ ಗದ್ದಲ ಕಡಿಮೆ. ಆದುದರಿಂದಲೇ 1951ರಲ್ಲಿ, ಹೋಮಿ ಭಾಭಾ ಅವರ ಪ್ರೇರಣೆಯಂತೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ ಶ್ರೀಕಂಠನ್ ಕೋಲಾರದ ಚಿನ್ನದ ಗಣಿಗೆ ಉಪಕರಣಗಳೊಡನೆ ಇಳಿದರು. ಮುಂದೆ ಅದೇ ಸಂಸ್ಥೆಯವರು ಎರಡೂವರೆ ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ಸುಳಿಯಲಿಲ್ಲ. ಆ ಶೂನ್ಯವೇ ಲಾಭವಾಯಿತು. ಇಷ್ಟು ನಿಶ್ಶಬ್ದವಾದ ಎಡೆಯಲ್ಲಿ ನ್ಯೂಟ್ರಿನೋವನ್ನು ಗುರುತಿಸಬಹುದೆಂಬ ಧೈರ್ಯ ಬಂತು. 1965ರಲ್ಲಿ ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಅಲ್ಲಿ ಕಂಡರು.

ಬಳಿಕ ಇನ್ನೊಂದು ಪ್ರಶ್ನೆ ಎದ್ದಿತು: ಪರಮಾಣುಬೀಜದಲ್ಲಿರುವ ಪ್ರೋಟಾನ್ ಅಮರವೇ? ಒಂದೇ ಪ್ರೋಟಾನಿನ ಅಳಿವಿಗೆ ಕಾಯುವುದಾದರೆ ವಿಶ್ವದ ವಯಸ್ಸೂ ಸಾಲದು. ಅಸಂಖ್ಯ ಪ್ರೋಟಾನುಗಳನ್ನು ಒಟ್ಟಿಗೆ ಕಾದರೆ, ವರ್ಷಕ್ಕೆ ಒಂದೆರಡಾದರೂ ಅಳಿದಾವು. ಈ ಲೆಕ್ಕದ ಮೇಲೆ 1980ರಲ್ಲಿ 140 ಟನ್ ಕಬ್ಬಿಣವನ್ನು ಗಣಿಯೊಳಗೆ ಪದರಪದರವಾಗಿ ಜೋಡಿಸಿ ಕಾವಲು ಕೂತರು. ಶ್ರೀಕಂಠನ್ ಆ ತಂಡದಲ್ಲಿಯೂ ಇದ್ದರು. ಅಳಿವಿನಂತೆ ತೋರಿದ ಕೆಲವು ಘಟನೆಗಳೇನೋ ದೊರೆತವು. ಹೊರದೇಶಗಳ ಹೆಚ್ಚು ದೊಡ್ಡ ಉಪಕರಣಗಳು ಅವನ್ನು ಸಮರ್ಥಿಸಲಿಲ್ಲ. ಪ್ರೋಟಾನಿನ ಸಾವನ್ನು ಇಂದಿಗೂ ಯಾರೂ ಕಂಡಿಲ್ಲ.

ಇದಕ್ಕೂ ಮೊದಲು, 1975ರಲ್ಲಿ, ಅದೇ ಗಣಿಯಿಂದ ಬಗೆಹರಿಯದ ಕೆಲವು ಘಟನೆಗಳ ವರದಿ ಬಂದಿತ್ತು. 'ಕೋಲಾರ ಘಟನೆಗಳು' ಎಂದೇ ಅವು ಹೆಸರಾದವು. ಬೆಳಕು ಸೂಸದೆ ಗುರುತ್ವದಿಂದಷ್ಟೇ ತನ್ನ ಇರವನ್ನು ತೋರುವ ಕಪ್ಪು ದ್ರವ್ಯದ ಕಣಗಳು ಒಡೆದು ಮೂಡಿಸಿದ ಗುರುತುಗಳು ಅವಾಗಿರಬಹುದೇ ಎಂದು 2014ರಲ್ಲಿ ಎಂ. ವಿ. ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಕೇಳಿದರು. ಅದು ಊಹೆ, ಸಿದ್ಧವಾಗಿಲ್ಲ.

ಆ ವೇಳೆಗೆ ಕೋಲಾರದ ಗಣಿ ಮುಚ್ಚಿ ಹದಿಮೂರು ವರ್ಷಗಳಾಗಿದ್ದವು. 2001ರಲ್ಲಿ ಕೆಲಸ ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿತು. ಶ್ರೀಕಂಠನ್ 2019ರಲ್ಲಿ ತೀರಿಕೊಂಡರು. ಕಪ್ಪು ದ್ರವ್ಯವನ್ನು ಹುಡುಕಲು ಇಂದು ನಮ್ಮವರು ಜಾರ್ಖಂಡಿನ ಜಾದೂಗುಡಾದ ಯುರೇನಿಯಂ ಗಣಿಗೆ, 555 ಮೀಟರು ಆಳಕ್ಕೆ, ಇಳಿಯುತ್ತಿದ್ದಾರೆ. ಚಿನ್ನ ತೀರಿತೆಂದು ನಾವು ಕೈಬಿಟ್ಟ ಗಣಿಯಲ್ಲಿ ಚಿನ್ನಕ್ಕಿಂತ ದುರ್ಲಭವಾದ ಮೌನವಿತ್ತು. ಅದರ ಬೆಲೆಯನ್ನು ಗಣಿಯ ಲೆಕ್ಕದ ಪುಸ್ತಕದಲ್ಲಿ ಬರೆಯಲು ಕಲಮೊಂದು ಇರಲಿಲ್ಲ.