ಮರಳಿನ ಮೇಲೆ ಕಾಲ್ಚೆಂಡು

ಕಡಲಿಲ್ಲದ ನಾಡಿನಲ್ಲಿ ಕಡಲ ತೀರದ ಆಟವನ್ನು ಆಡುವುದು ಸಾಧ್ಯವೆ? ಮೊದಲ ನೋಟಕ್ಕೆ ಇದು ಒಗಟಿನಂತೆ ತೋರುತ್ತದೆ. ಆದರೆ ದಕ್ಷಿಣ ಅಮೆರಿಕದ ಪರಾಗ್ವೇ ದೇಶವು ೨೦೧೯ರಲ್ಲಿ ಈ ಒಗಟನ್ನು ಬಿಡಿಸಿ ತೋರಿಸಿತು. ಸುತ್ತಲೂ ಅನ್ಯದೇಶಗಳ ನೆಲದಿಂದಲೇ ಆವೃತವಾದ ಆ ನಾಡಿನ ಲೂಕೆ ಎಂಬ ಊರಿನಲ್ಲಿ ಮರಳು ಹರವಿ ಕ್ರೀಡಾಂಗಣವನ್ನು ಕಟ್ಟಿದರು. ಹದಿನಾರು ದೇಶಗಳ ಪುರುಷರ ತಂಡಗಳು ಅಲ್ಲಿ ಕೂಡಿ ‘ಬೀಚ್ ಸಾಕರ್’ ವಿಶ್ವಕಪ್ಪಿಗಾಗಿ ಸೆಣಸಿದುವು. ಅಂತಿಮ ಪಂದ್ಯದಲ್ಲಿ ಪೋರ್ಚುಗಲ್ ತಂಡವು ಇಟಲಿಯನ್ನು ೬–೪ ಗೋಲುಗಳಿಂದ ಸೋಲಿಸಿತು. ಕ್ರೀಡಾಂಗಣಕ್ಕೆ ‘ಲೋಸ್ ಪಿನಂಡಿ’ ಎಂದು ಹೆಸರಿಟ್ಟಿದ್ದರು. ಅಲ್ಲಿಯ ಗ್ವಾರನಿ ಭಾಷೆಯಲ್ಲಿ ‘ಪಿನಂಡಿ’ ಎಂದರೆ ಬರಿಗಾಲಿನವನು ಎಂದರ್ಥ.

ಇಂತಹ ಉದಾಹರಣೆ ಇದೊಂದೇ ಅಲ್ಲ. ೨೦೦೯ರ ವಿಶ್ವಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದ ಸ್ವಿಟ್ಜರ್ಲೆಂಡಿಗಾಗಲಿ, ೨೦೨೫ರಲ್ಲಿ ಸೇಶೆಲ್ಸ್ ದ್ವೀಪಗಳಲ್ಲಿ ಅದೇ ಸ್ಥಾನ ಪಡೆದ ಬೆಲಾರೂಸಿಗಾಗಲಿ ಕಡಲತೀರವಿಲ್ಲ. ನಮ್ಮ ದೇಶದಲ್ಲಿಯೂ ೨೦೨೩ರಲ್ಲಿ ಸೂರತ್ತಿನಲ್ಲಿ ನಡೆದ ಮೊದಲ ರಾಷ್ಟ್ರೀಯ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಕೇರಳದ ಎದುರು ನಿಂತದ್ದು ಕಡಲನ್ನೇ ಕಾಣದ ಪಂಜಾಬು. ೨೦೨೫ರ ಮಾರ್ಚಿನಲ್ಲಿ ತೈಲೆಂಡಿನ ಪಟ್ಟಾಯದಲ್ಲಿ ನಡೆದ ಏಷ್ಯಾ ಖಂಡದ ಪಂದ್ಯಾವಳಿಯಲ್ಲಿ ಭಾರತದ ತಂಡವೂ ಆಡಿತು.

ಬೀದರಿನ ನೌಬಾದದಲ್ಲಿರುವ ನಮಗೆ ಪೂರ್ವದ ಕಡಲಾಗಲಿ ಪಶ್ಚಿಮದ ಕಡಲಾಗಲಿ ಹೆಚ್ಚುಕಡಮೆ ನಾನೂರು ಕಿಲೋಮೀಟರು ದೂರ. ನಮ್ಮ ಕಾಲಡಿಯಲ್ಲಿರುವುದು ಗಡುಸಾದ ಜಂಬಿಟ್ಟಿಗೆಯ ಕೆಂಪು ನೆಲ. ಆದುದರಿಂದ ಕಡಲಿಲ್ಲದವರ ಈ ಗೆಲವುಗಳು ನಮ್ಮ ಕುತೂಹಲವನ್ನು ಕೆರಳಿಸುತ್ತವೆ. ಈ ಆಟಕ್ಕೆ ಕಡಲು ಬೇಕಿಲ್ಲವೆಂದಾದರೆ ಮರಳಿನಲ್ಲಿರುವ ವಿಶೇಷ ಗುಣವೇನು? ಆ ಮರಳನ್ನು ನಾವೂ ತಂದು ಹರವಬಹುದೆ?

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. ಇದರ ನಿಯಮಗಳು ೧೯೯೨ರಲ್ಲಿ ರೂಪುಗೊಂಡುವು. ೧೯೯೫ರಲ್ಲಿ ಬ್ರೆಜಿಲ್ ದೇಶದ ರಿಯೊ ನಗರದ ಕೋಪಕಬಾನ ತೀರದಲ್ಲಿ ಮೊದಲ ವಿಶ್ವ ಪಂದ್ಯಾವಳಿ ನಡೆಯಿತು. ೨೦೦೫ರಿಂದ ಅದನ್ನು ‘ಫಿಫಾ’ ಸಂಸ್ಥೆಯು ನಡೆಸುತ್ತ ಬಂದಿದೆ. ತಂಡಕ್ಕೆ ಗೋಲಿಯೂ ಸೇರಿ ಐದೇ ಜನ, ಎಲ್ಲರೂ ಬರಿಗಾಲಿನವರು. ಅಂಗಣದ ಉದ್ದ ೩೫ರಿಂದ ೩೭ ಮೀಟರು, ಅಗಲ ೨೬ರಿಂದ ೨೮ ಮೀಟರು. ಮರಳಿನ ಆಳ ೪೦ ಸೆಂಟಿಮೀಟರಿಗೆ ಕಡಮೆ ಇರಕೂಡದು. ಹನ್ನೆರಡು ನಿಮಿಷಗಳ ಮೂರು ಅವಧಿಗಳಲ್ಲಿ ಆಟ ಮುಗಿಯುತ್ತದೆ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಹುಲ್ಲಿನ ಮೇಲೆ ತೊಂಬತ್ತು ನಿಮಿಷ ಆಡುವವರಿಗೆ ಇದು ಮಕ್ಕಳ ಆಟವೆಂದು ತೋರಬಹುದು. ಹಾಗಲ್ಲವೆಂಬುದನ್ನು ಭೌತವಿಜ್ಞಾನವು ತಿಳಿಸಿಕೊಡುತ್ತದೆ.

ನಾವು ಓಡುವಾಗ ನೆಲವನ್ನು ಹಿಂದಕ್ಕೆ ತಳ್ಳುತ್ತೇವೆ. ನೆಲವು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಗಟ್ಟಿ ನೆಲವು ಕದಲುವುದಿಲ್ಲ. ಮರಳಾದರೋ ಒಂದಕ್ಕೊಂದು ಅಂಟಿಕೊಳ್ಳದ ಕಣಗಳ ರಾಶಿ. ಕಾಲೂರಿದೊಡನೆ ಕಣಗಳು ಒಂದರ ಮೇಲೊಂದು ಜಾರಿ ಪಕ್ಕಕ್ಕೆ ಸರಿಯುತ್ತವೆ. ಅವುಗಳನ್ನು ಸರಿಸುವುದರಲ್ಲಿ ವ್ಯಯವಾದ ಶಕ್ತಿ ಘರ್ಷಣೆಯ ಮೂಲಕ ಶಾಖವಾಗಿ ಹೋಗುತ್ತದೆ. ಮರಳಿ ನಮಗೆ ದೊರಕುವುದಿಲ್ಲ. ಇನ್ನೊಂದು ನಷ್ಟವೂ ಉಂಟು. ಗಟ್ಟಿ ನೆಲದ ಮೇಲೆ ಹಿಮ್ಮಡಿಯ ಸ್ನಾಯುರಜ್ಜುಗಳು ಬುಗ್ಗೆಗಳಂತೆ, ಅಂದರೆ ಸ್ಪ್ರಿಂಗುಗಳಂತೆ, ಹಿಗ್ಗಿ ಕುಗ್ಗಿ ಶಕ್ತಿಯನ್ನು ಹಿಂದಿರುಗಿಸುತ್ತವೆ. ಮರಳಿನ ಮೇಲೆ ಈ ಉಳಿತಾಯ ಕಡಮೆಯಾಗಿ, ಸ್ನಾಯುಗಳೇ ಹೆಚ್ಚು ದುಡಿಯಬೇಕಾಗುತ್ತದೆ. ಬೆಲ್ಜಿಯಂ ದೇಶದ ಲೆಜೂನ್, ವಿಲೆಮ್ಸ್ ಮತ್ತು ಹೆಗ್ಲುಂಡ್ ಎಂಬ ವಿಜ್ಞಾನಿಗಳು ೧೯೯೮ರಲ್ಲಿ ಇದರ ಅಳತೆಯನ್ನು ಪ್ರಕಟಿಸಿದರು. ಅದರಂತೆ ಅಷ್ಟೇ ವೇಗದಲ್ಲಿ ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ ೧.೬ ಪಾಲು ಶಕ್ತಿ ಬೇಕು. ನಡೆಯುವುದಕ್ಕಂತೂ ೨.೧ರಿಂದ ೨.೭ ಪಾಲು ಬೇಕು. ಮೂವತ್ತಾರು ನಿಮಿಷಗಳೇ ಏಕೆ, ಆಟಗಾರರ ಬದಲಾವಣೆಗೆ ಮಿತಿ ಏಕಿಲ್ಲ ಎಂಬುದು ಈಗ ವಾಚಕರಿಗೆ ತಾನಾಗಿಯೇ ಹೊಳೆಯುತ್ತದೆ.

ಕಾಲಿಗೆ ಒದಗುವ ಗತಿಯೇ ಚೆಂಡಿಗೂ ಒದಗುತ್ತದೆ. ಹುಲ್ಲಿನ ಮೇಲೆ ನೇರವಾಗಿ ಉರುಳುವ ಚೆಂಡು ಇಲ್ಲಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ದಿಣ್ಣೆಗೆ ಎಡವುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಆದಕಾರಣ ಜಾಣ ಆಟಗಾರನು ಚೆಂಡನ್ನು ನೆಲಕ್ಕೆ ಬಿಡದೆ ಗಾಳಿಯಲ್ಲಿಯೇ ಆಡಿಸುತ್ತಾನೆ. ಬೆನ್ನನ್ನು ನೆಲದ ಕಡೆಗೆ ಮಾಡಿ, ತಲೆಯ ಮೇಲಿಂದ ಚೆಂಡನ್ನು ಒದೆಯುವ ಚಮತ್ಕಾರ ಈ ಆಟದ ಭೂಷಣ. ಗಟ್ಟಿ ನೆಲದ ಮೇಲೆ ಇದು ಅಪಾಯಕರ. ಮರಳಿನ ಮೇಲೆ ಏಕೆ ಅಷ್ಟಿಲ್ಲ?

ಸುಲಭವಾದ ಲೆಕ್ಕವೊಂದು ಇಲ್ಲಿದೆ. ಒಂದು ಮೀಟರು ಎತ್ತರದಿಂದ ಬಿದ್ದ ವಸ್ತು ಸೆಕೆಂಡಿಗೆ ಸುಮಾರು ೪.೪ ಮೀಟರು ವೇಗದಿಂದ ನೆಲವನ್ನು ಮುಟ್ಟುತ್ತದೆ. ಅದು ಒಂದು ಸೆಂಟಿಮೀಟರಿನೊಳಗೆ ನಿಂತುಬಿಟ್ಟರೆ ಅದರ ಸರಾಸರಿ ವೇಗಕುಂಠನವು ಗುರುತ್ವ ವೇಗೋತ್ಕರ್ಷದ ನೂರರಷ್ಟು. ಮರಳು ಸರಿದು ಐದು ಸೆಂಟಿಮೀಟರುಗಳಲ್ಲಿ ನಿಂತರೆ ಅದು ಇಪ್ಪತ್ತರಷ್ಟು ಮಾತ್ರ. ಓಟಗಾರನಿಂದ ಶಕ್ತಿಯನ್ನು ಕಸಿಯುವ ಗುಣವೇ ಬಿದ್ದವನನ್ನು ಕಾಪಾಡುತ್ತದೆ. ಒಂದೇ ಗುಣ, ಎರಡು ಫಲ.

ಆದರೆ ಮರಳೆಲ್ಲವೂ ಒಂದೇ ಬಗೆಯದಲ್ಲ. ಕಾರವಾರದಲ್ಲಿಯೋ ಮಲ್ಪೆಯಲ್ಲಿಯೋ ತೀರದಲ್ಲಿ ನಡೆದವರು ಇದನ್ನು ಕಂಡಿರುತ್ತಾರೆ. ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ; ಅಲೆ ಬಂದು ಹಿಂದಿರುಗಿದ ಒದ್ದೆ ಮರಳು ಕಾಲನ್ನು ಹೊರುತ್ತದೆ. ಕಣಗಳ ನಡುವೆ ತುಸು ನೀರಿದ್ದರೆ ಅದು ಸಣ್ಣ ಸೇತುವೆಗಳಂತೆ ನಿಂತು, ಮೇಲ್ಮೈ ಎಳೆತದಿಂದ ಕಣಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಮಕ್ಕಳ ಮರಳುಮನೆ ನಿಲ್ಲುವುದು ಈ ಬಲದಿಂದಲೇ. ಒದ್ದೆ ಮರಳನ್ನು ಮೆಟ್ಟಿದಾಗ ಪಾದದ ಸುತ್ತ ಅದು ಕ್ಷಣಕಾಲ ಒಣಗಿದಂತೆ ಬಿಳಿಚಿಕೊಳ್ಳುವುದೂ ಉಂಟು. ಆಸ್ಬರ್ನ್ ರೆನಾಲ್ಡ್ಸ್ ೧೮೮೫ರಲ್ಲಿ ಇದಕ್ಕೆ ಕಾರಣವನ್ನು ಹೇಳಿದನು. ಒತ್ತಾಗಿ ಕುಳಿತ ಕಣಗಳು ಒಂದನ್ನೊಂದು ದಾಟಿ ಸರಿಯಬೇಕಾದರೆ ಮೊದಲು ದೂರವಾಗಬೇಕು. ಆಗ ನಡುವಣ ತೆರವು ಹಿಗ್ಗಿ, ಮೇಲಿನ ನೀರು ಒಳಕ್ಕೆ ಇಳಿಯುತ್ತದೆ.

ಈ ತೆರವುಗಳೇ ನಮ್ಮನ್ನು ಎರಡನೆಯ ಪ್ರಶ್ನೆಗೆ ಕರೆದೊಯ್ಯುತ್ತವೆ. ೩೭ ಮೀಟರು ಉದ್ದ, ೨೮ ಮೀಟರು ಅಗಲದ ಅಂಗಣದಲ್ಲಿ ೪೦ ಸೆಂಟಿಮೀಟರು ಆಳ ಮರಳು ತುಂಬಲು ಸುಮಾರು ೪೧೪ ಘನ ಮೀಟರು ಬೇಕು. ಘನ ಮೀಟರಿಗೆ ೧,೬೦೦ ಕಿಲೋಗ್ರಾಮಿನಂತೆ ಇದರ ತೂಕ ಸುಮಾರು ೬೬೦ ಟನ್ನು. ಭಾಲ್ಕಿ, ಔರಾದ ತಾಲ್ಲೂಕುಗಳಲ್ಲಿ ಹರಿಯುವ ಮಾಂಜ್ರಾ ನದಿಯ ಮರಳು ಕಣ್ಣೆದುರಿಗೇ ಇದೆಯಲ್ಲ, ತರಬಾರದೇಕೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಸಾಮಾನ್ಯವಾಗಿ ಮರಳಿನ ಗಾತ್ರದಲ್ಲಿ ಮೂರರಲ್ಲೊಂದು ಪಾಲಿಗೂ ಮಿಗಿಲಾಗಿ ತೆರವೇ ಇರುತ್ತದೆ. ಅದನ್ನು ನೂರಕ್ಕೆ ೩೫ ಎಂದಿಟ್ಟುಕೊಂಡರೂ, ನದಿಯ ಪಾತ್ರದಲ್ಲಿದ್ದಾಗ ಅಷ್ಟು ಮರಳು ಸುಮಾರು ೧,೪೫,೦೦೦ ಲೀಟರು ನೀರನ್ನು ತನ್ನೊಳಗೆ ಹಿಡಿದಿಡಬಲ್ಲುದು. ಜಲಜೀವನ ಯೋಜನೆಯು ಹಳ್ಳಿಗರಿಗೆ ಗೊತ್ತುಮಾಡಿದ ಪ್ರಮಾಣ ದಿನಕ್ಕೆ ತಲೆಗೆ ೫೫ ಲೀಟರು. ಆ ಲೆಕ್ಕದಲ್ಲಿ ಇದು ೨,೬೦೦ ಜನರ ಒಂದು ದಿನದ ನೀರು. ಒಂದು ಪಾಲು ಕಣಗಳಿಗೆ ಅಂಟಿ ಉಳಿಯುವುದು ನಿಜ. ಮಿಕ್ಕದ್ದು ದಡದ ಬಾವಿಗಳಿಗೆ ಮೆಲ್ಲಮೆಲ್ಲನೆ ಒಸರುತ್ತದೆ. ಮಳೆಗಾಲ ಬಂದಾಗಲೆಲ್ಲ ಈ ಉಗ್ರಾಣ ಮತ್ತೆ ತುಂಬುತ್ತದೆ. ಮರಳನ್ನು ಒಮ್ಮೆ ಹೊತ್ತು ತಂದರೆ ಆ ನಷ್ಟ ಒಂದು ವರ್ಷದ್ದಲ್ಲ, ವರ್ಷವರ್ಷದ್ದು.

ನೆಲದ ತೆರವುಗಳಲ್ಲಿ ಅಡಗಿದ ನೀರಿನ ಬೆಲೆಯನ್ನು ನೌಬಾದದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಬಹಮನಿಯರ ಕಾಲದ ನಮ್ಮೂರ ಸುರಂಗಬಾವಿಯು ಜಂಬಿಟ್ಟಿಗೆಯ ರಂಧ್ರಗಳಿಂದ ಒಸರಿದ ನೀರನ್ನು ಕೂಡಿಸಿ, ನೆಲದೊಳಗಿನ ಇಳಿಜಾರಿನಲ್ಲಿ ಯಾವ ಯಂತ್ರವೂ ಇಲ್ಲದೆ ಹರಿಸುವಂತೆ ಕಟ್ಟಿದ್ದು.

ಹಾಗೆಂದು ಆಟವೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಒಮ್ಮೆ ಹರವಿದ ಮರಳನ್ನು ಜರಡಿ ಹಿಡಿದು, ಚೊಕ್ಕಟವಾಗಿಟ್ಟು ಬಹುಕಾಲ ಬಳಸಬಹುದು. ಊರಿಗೊಂದು ಅಂಗಣ ಬೇಡ, ಜಿಲ್ಲೆಗೊಂದು ಸಾಕು. ಅದರ ಮರಳು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಮಾತ್ರ ಮೊದಲೇ ಕೇಳಬೇಕು. ಕಲ್ಲನ್ನು ಪುಡಿಮಾಡಿದ ಮರಳಿನ ಕಣಗಳು ಮೊನಚಾಗಿರುವುದರಿಂದ ಅದು ಮನೆ ಕಟ್ಟುವುದಕ್ಕೆ ಒದಗಿದರೂ ಬರಿಗಾಲಿಗೆ ಹಿತವಲ್ಲ.

ವಾಚಕರು ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಲೋಟವೊಂದರ ತುಂಬ ಒಣ ಮರಳನ್ನು ಹಾಕಿ ಮಟ್ಟಮಾಡಿರಿ. ಅಳತೆ ಮಾಡಿದ ನೀರನ್ನು, ಮೇಲೆ ಕಾಣಿಸಿಕೊಳ್ಳುವ ತನಕ, ಸ್ವಲ್ಪ ಸ್ವಲ್ಪವಾಗಿ ಎರೆಯಿರಿ. ೨೦೦ ಮಿಲಿಲೀಟರಿನ ಲೋಟವು ೭೦ ಮಿಲಿಲೀಟರು ನೀರು ಕುಡಿದರೆ ಆ ಮರಳಿನ ತೆರವು ನೂರಕ್ಕೆ ೩೫. ನಿಮ್ಮ ಹಳ್ಳದ ಮರಳು ಎಷ್ಟು ಕುಡಿಯುತ್ತದೆ ಎಂಬುದನ್ನು ಬರೆದಿಡಿರಿ. ಅದು ನಿಮ್ಮ ಊರಿನ ಬಾವಿಗೆ ಸಂಬಂಧಿಸಿದ ಅಂಕಿ.