ನಿಮಗಿದು ಗೊತ್ತೆ? ಗಿನಿ ಪಿಗ್ ಜೋಡಿಗೆ ಹುಲ್ಲು ಎರಡು ಕಡೆ ಇಡಬೇಕು

ಗಿನಿ ಪಿಗ್‌ನ 20 ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಅವು ಸವೆಯುವುದೂ ಕರುಳು ಸರಿಯಾಗಿ ಕೆಲಸ ಮಾಡುವುದೂ ಒಣಹುಲ್ಲಿನ ನಾರಿನಿಂದ. ಅದಕ್ಕೇ ಅದರ ಆಹಾರದಲ್ಲಿ ಹುಲ್ಲಿನದೇ ದೊಡ್ಡ ಪಾಲು. ಹಗಲೂ ರಾತ್ರಿಯೂ ಹುಲ್ಲು ಬಾಯಿಗೆ ಎಟಕುವಂತಿರಬೇಕು.

ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯಿಂದ ಬಂದ ಈ ಪ್ರಾಣಿಗೆ ಜೊತೆ ಬೇಕೇ ಬೇಕು. ಸ್ವಿಟ್ಜರ್ಲೆಂಡಿನಲ್ಲಿ 2008ರ ನಿಯಮದಂತೆ ಒಂಟಿಯಾಗಿ ಸಾಕುವಂತೆಯೇ ಇಲ್ಲ. ಎಷ್ಟು ಒಳ್ಳೆಯ ನಿಯಮ! ಆದರೆ ಜೋಡಿಯಲ್ಲಿ ಒಂದು ದಿಟ್ಟ, ಇನ್ನೊಂದು ಪುಕ್ಕಲು ಆಗಿರುವುದುಂಟು. ಹುಲ್ಲು ಒಂದೇ ಕಡೆ ಇದ್ದರೆ ದಿಟ್ಟ ಪ್ರಾಣಿ ಅದಕ್ಕೆ ಅಡ್ಡ ಕೂರುತ್ತದೆ, ಪುಕ್ಕಲು ಪ್ರಾಣಿ ಮೂಲೆಯಲ್ಲೇ ಉಳಿಯುತ್ತದೆ. ದೂರ ದೂರದ ಎರಡು ಕಡೆ ಹುಲ್ಲಿಡಿ. ಒಂದು ರಾಶಿ ಅಡಗುಗೂಡಿನ ಪಕ್ಕದಲ್ಲೇ ಇರಲಿ, ಆ ಗೂಡಿಗೆ ಎರಡು ಬಾಗಿಲಿರಲಿ. ಆಗ ಒಂದಕ್ಕೆ ಇನ್ನೊಂದನ್ನು ಒಳಗೆ ಕೂಡಿಹಾಕಲಾಗದು.

ಕೈಯಿಂದ ತಿನ್ನಿಸುವಾಗ ಹುಲ್ಲಿನ ಉದ್ದನೆಯ ಎಸಳನ್ನು ನೆಲಮಟ್ಟದಲ್ಲಿ ಹಿಡಿದು ಕಾಯಿರಿ. ಮೇಲಿನಿಂದ ಬರುವ ಕೈ ಗಿನಿ ಪಿಗ್‌ಗೆ ಹದ್ದಿನಂತೆ ಕಾಣುತ್ತದೆ. ವಾರಕ್ಕೊಮ್ಮೆ ಎರಡನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ: ಪುಕ್ಕಲಿಗೆ ಹುಲ್ಲು ಸಿಗುತ್ತಿದೆಯೇ ಎಂಬುದನ್ನು ತೂಕವೇ ಹೇಳುತ್ತದೆ. ಯಾವುದಾದರೂ ಒಂದು ತಿನ್ನುವುದನ್ನು ನಿಲ್ಲಿಸಿದರೆ ಅಂದೇ ಪಶುವೈದ್ಯರಿಗೆ ತೋರಿಸಿ.